ಕಾಡುಬೆಕ್ಕಿಗೆ ಮೊದಲು ಐಸು

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಹಿಂದೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದೆ. ಸತ್ತ ಪ್ರಾಣಿಯ ಚರ್ಮ ಬಿಡಿಸಿ, ಹದ ಮಾಡಿ, ಒಳಗೊಂದು ಆಕಾರ ಕೂರಿಸಿ, ಬದುಕಿದ್ದಾಗ ಹೇಗಿತ್ತೋ ಹಾಗೆ ನಿಲ್ಲಿಸುತ್ತೇನೆ ಎಂದು. ಕೇಳಿದವರು ಕೈಯಲ್ಲಿದ್ದ ಕಾಫಿ ಲೋಟವನ್ನು ಸ್ವಲ್ಪ ಆ ಕಡೆ ಸರಿಸುತ್ತಿದ್ದರು. ಮದುವೆ ಮನೆಯಲ್ಲಾದರೆ ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಈಗ ಫೈಬರ್ ಗೊಂಬೆ ಮಾಡುತ್ತೇನೆ ಅಂದುಬಿಡುತ್ತೇನೆ. ಅದೂ ಸುಳ್ಳಲ್ಲ. ಪೀಣ್ಯದಲ್ಲಿರುವ ನನ್ನ ಶೆಡ್ಡಿನ ಬಾಡಿಗೆ ಹುಟ್ಟುವುದು ಫೈಬರ್ ಹಸುಗಳಿಂದ, ಮಾಲುಗಳ ಬಾಗಿಲಲ್ಲಿ ನಿಲ್ಲುವ ಫೈಬರ್ ಜಿರಾಫೆಗಳಿಂದ. ಒಂದು ಪಕ್ಕದಲ್ಲಿ ಸ್ಪ್ರಿಂಗ್ ಮಾಡುವ ಕಾರ್ಖಾನೆ, ಇನ್ನೊಂದು ಪಕ್ಕದಲ್ಲಿ ಕಬ್ಬಿಣಕ್ಕೆ ಬಣ್ಣ ಹೊಡೆಯುವವರು. ನನ್ನ ಶೆಡ್ಡಿನ ವಾಸನೆ ಯಾರ ಮೂಗಿಗೂ ಬಡಿಯದಿರಲು ಅವರಿಬ್ಬರೇ ಕಾರಣ.

ಈ ವಿದ್ಯೆ ಕಲಿತದ್ದು ಪಶುವೈದ್ಯ ಕಾಲೇಜೊಂದರಲ್ಲಿ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಅಸ್ಥಿಪಂಜರ ಜೋಡಿಸುವುದು, ಹುಳ ಹಿಡಿದ ಹಳೆಯ ಚರ್ಮಗಳನ್ನು ರಿಪೇರಿ ಮಾಡುವುದು ನನ್ನ ಕೆಲಸವಾಗಿತ್ತು. ಹುದ್ದೆ ರದ್ದಾಯಿತು, ನಾನು ಪೀಣ್ಯಕ್ಕೆ ಬಂದೆ. ವೈಟ್‌ಫೀಲ್ಡ್, ಹೂಡಿ ಕಡೆಯ ಅಪಾರ್ಟ್‌ಮೆಂಟುಗಳವರು ಆಗಾಗ ಸತ್ತ ನಾಯಿ ಬೆಕ್ಕು ತರುತ್ತಾರೆ. "ಮೇಡಂ, ನಮ್ಮ ಬೇಬಿ ಯಾವಾಗ್ಲೂ ನಗ್ತಾ ಇರ್ತಿತ್ತು, ಆ ಸ್ಮೈಲ್ ಬರ್ಬೇಕು" ಎನ್ನುತ್ತಾರೆ. ನಾಯಿ ನಗುವುದಿಲ್ಲಮ್ಮ, ಸೆಖೆಗೆ ಬಾಯಿ ತೆರೆದಿರುತ್ತದೆ ಅಷ್ಟೆ ಎಂದು ಹೇಳಲು ನಾಲಿಗೆ ತುದಿಗೆ ಬಂದಿರುತ್ತದೆ. ಹೇಳುವುದಿಲ್ಲ, ನಗಿಸಿ ಕಳಿಸುತ್ತೇನೆ.

ಕಾಡುಪ್ರಾಣಿಯ ಮಾತು ಬೇರೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರ ಒಂದು ರೋಮ ಇಟ್ಟುಕೊಂಡರೂ ಕಂಬಿ ಎಣಿಸಬೇಕಾಗುತ್ತದೆ. ಹಾಗಾಗಿ ಅಂಥ ಕೆಲಸ ನನಗೆ ಸಿಗುವುದು ಅಪರೂಪ. ಸಿಕ್ಕಿದ್ದು ಜಿಗಣಿಯ ಆಚೆಗಿನ ಒಂದು ಕಂಪನಿಯಿಂದ. ಆ ಕಂಪನಿ ಕುರುಚಲು ಕಾಡು ಸವರಿ, ಬಂಡೆ ಸಿಡಿಸಿ, ಎತ್ತರದ ಕಾಂಪೌಂಡು ಕಟ್ಟಿ ತನ್ನ ಕ್ಯಾಂಪಸ್ಸು ಮಾಡಿಕೊಂಡಿತು. ಆಮೇಲೆ ಅಲ್ಲಿ ಮೊದಲು ಏನೇನಿತ್ತು ಎಂದು ಶಾಲೆಯ ಮಕ್ಕಳಿಗೆ ತೋರಿಸಲು ಒಂದು ಪ್ರಕೃತಿ ಕೇಂದ್ರ ಕಟ್ಟಿತು. ರಸ್ತೆಯಲ್ಲಿ ಸತ್ತ ಪ್ರಾಣಿಗಳನ್ನು ಸಂರಕ್ಷಿಸಿ ಇಡಲು ಇಲಾಖೆಯ ಅನುಮತಿಯನ್ನೂ ತಂದಿತು. ಪ್ರಾಣಿಗಳನ್ನು ಓಡಿಸುವುದೂ ಅವರೇ, ಗಾಜಿನೊಳಗಿಟ್ಟು ಲೈಟು ಹಾಕುವುದೂ ಅವರೇ. ನನಗೆ ಕೆಲಸ ಬೇಕಿತ್ತು, ಒಪ್ಪಿಕೊಂಡೆ.

ಕೇಂದ್ರದವರು ಮೊದಲು ನನ್ನಿಂದ ಒಂದು ತರಬೇತಿ ಮಾಡಿಸಿದರು. ಸೆಕ್ಯುರಿಟಿಯವರು, ತೋಟದವರು, ಅಕ್ಕಪಕ್ಕದ ಲೇಔಟುಗಳ ಕಾವಲಿನವರು, ಎಲ್ಲರನ್ನೂ ಕೂರಿಸಿ ಬಿಸ್ಕೆಟ್ ಕೊಟ್ಟು, ಸತ್ತ ಪ್ರಾಣಿ ಕಂಡರೆ ಏನು ಮಾಡಬೇಕು ಎಂದು ಹೇಳಿಕೊಡಿ ಅಂದರು. ಪಾಠ ಸರಳ. ಮೊದಲು ಐಸು. ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಚರ್ಮ ಹಾಳಾಗುತ್ತದೆ, ಆದ್ದರಿಂದ ಫೋನು ಗೀನು ಎಲ್ಲ ಐಸಿನಲ್ಲಿಟ್ಟ ಮೇಲೆ. ತೊಳೆಯಬಾರದು. ಬಾಯಿ ಮೂಗಿನಿಂದ ಸೋರಿದರೆ ರೋಮಕ್ಕೆ ಕಲೆ ಕೂರುತ್ತದೆ, ಅಲ್ಲಿಗೆ ಹತ್ತಿ ಇಡಬೇಕು. ಐಸು ನೇರ ಮೈಗೆ ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಬೇಕು. ಎಲ್ಲಕ್ಕಿಂತ ಮೊದಲು ಕೆಡುವುದು ಹೊಟ್ಟೆ. ಹೊಟ್ಟೆಯಲ್ಲಿ ತಿಂದದ್ದು ಇದ್ದರೆ ಕೊಳೆತ ಅಲ್ಲಿಂದಲೇ ಶುರು. ಹೊಟ್ಟೆಯ ರೋಮ ಕೈಗೆ ಕಿತ್ತು ಬರತೊಡಗಿದರೆ ಆಮೇಲೆ ಬ್ರಹ್ಮ ಬಂದರೂ ಏನೂ ಮಾಡಲಾಗದು ಎಂದೆ.

ಸೆಕ್ಯುರಿಟಿಯವರು ಮೊಬೈಲು ನೋಡುತ್ತ ಕೂತಿದ್ದರು. ಕಿವಿಗೊಟ್ಟು ಕೇಳಿದವಳು ಒಬ್ಬಳೇ. ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ಹೆಂಡತಿ ಇಬ್ಬರೂ ಕೇಂದ್ರದ ಪಕ್ಕದಲ್ಲಿ ಹೊಸದಾಗಿ ಏಳುತ್ತಿದ್ದ ಲೇಔಟಿನ ಕಾವಲಿಗಿದ್ದರು, ಅಲ್ಲೇ ಒಂದು ತಗಡಿನ ಮನೆ. ಪಾಠ ಮುಗಿದ ಮೇಲೆ ಬಂದು ಹತ್ತಿ ಎಷ್ಟು ಒಳಗೆ ಹೋಗಬೇಕು ಎಂದು ಕೇಳಿದಳು. ತೋರಿಸಿಕೊಟ್ಟೆ. ಸ್ವಲ್ಪ ದಿನದಲ್ಲೇ ಅವಳು ತಂತಿಗೆ ಬಡಿದು ಸತ್ತ ಒಂದು ಗೂಬೆಯನ್ನು ಮೀನಿನವನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು ನನಗೆ ಫೋನು ಮಾಡಿದಳು. ಒಂದು ಗರಿಯೂ ಮುರಿದಿರಲಿಲ್ಲ. ನೀನು ನನಗಿಂತ ಚೆನ್ನಾಗಿ ಮಾಡ್ತೀಯ ಎಂದು ಬೆನ್ನು ತಟ್ಟಿದೆ. ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ.

ಕಾಡುಬೆಕ್ಕು ಸತ್ತದ್ದು ಬೇಸಿಗೆಯಲ್ಲಿ. ನೌಕರರನ್ನು ಕರೆತರುವ ಬಸ್ಸೊಂದು ಲೇಔಟಿನ ಮುಂದಿನ ರಸ್ತೆಯಲ್ಲಿ ಬೆನ್ನಿನ ಮೇಲೆ ಹಾಯ್ದು ಹೋಗಿತ್ತು. ನಾನು ಹೋಗುವಷ್ಟರಲ್ಲಿ ಅವಳು ಎಲ್ಲ ಮಾಡಿ ಮುಗಿಸಿ, ಪೆಟ್ಟಿಗೆಯ ಮೇಲೆ ಗೋಣಿಚೀಲ ಹೊದಿಸಿ, ಪಕ್ಕದಲ್ಲಿ ಕೂತು ನಾಯಿಗಳನ್ನು ಓಡಿಸುತ್ತಿದ್ದಳು. ಅರಣ್ಯ ಇಲಾಖೆಯವರು ಬಂದು ಮಹಜರು ಬರೆದುಕೊಂಡರು. ಪಶುವೈದ್ಯರಿಗೆ ಬೇರೆಲ್ಲೋ ಅವಸರ, ಮುರಿದ ಬೆನ್ನು ನೋಡಿ ಸಹಿ ಹಾಕಿ ಹೋದರು. ನಾನು ನೋಡಿದ್ದು ಮುಖವನ್ನು. ಮುಖ ಚೆನ್ನಾಗಿದ್ದರೆ ಮುಕ್ಕಾಲು ಕೆಲಸ ಆದಂತೆ. ಒಣಹುಲ್ಲಿನ ಬಣ್ಣದ ಮೈ, ಉದ್ದ ಕಾಲು, ಗಿಡ್ಡ ಬಾಲದ ಕೊನೆಗೆ ಕಪ್ಪು ಬಳೆಗಳು, ಕಿವಿಯ ತುದಿಗೆ ಚೂರೇ ಚೂರು ಕಪ್ಪು ಕುಚ್ಚು. ಮನೆಯ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂಥ ನಿಲುವು.

ಪೀಣ್ಯಕ್ಕೆ ತಂದು ಸ್ಟೀಲ್ ಮೇಜಿನ ಮೇಲೆ ಮಲಗಿಸಿದೆ. ಚಾಕು ಹಿಡಿಯುವ ಮೊದಲು ಅಳತೆ ತೆಗೆಯಬೇಕು: ಮೂಗಿನಿಂದ ಕಣ್ಣಿನ ಮೂಲೆಗೆ, ಕಿವಿಯಿಂದ ಕಿವಿಗೆ, ಕತ್ತಿನ ಸುತ್ತ, ಎದೆಯ ಸುತ್ತ. ಒಮ್ಮೆ ಚರ್ಮ ಬಿಡಿಸಿದರೆ ಅದು ಎಳೆದ ಕಡೆ ಬರುತ್ತದೆ, ಆಗ ಅಳತೆ ಇಲ್ಲದವರು ಬೆಕ್ಕನ್ನು ಹಂದಿ ಮಾಡುತ್ತಾರೆ. ಎಷ್ಟೋ ಹಳೆಯ ಬಂಗಲೆಗಳಲ್ಲಿ ಗೋಡೆಯ ಮೇಲಿನ ಚಿರತೆಗಳು ತಲೆ ಕೆಟ್ಟ ಕೋತಿಗಳಂತೆ ಕಾಣುವುದು ಇದಕ್ಕೇ. ಮುಖದ ಪಡಿಯಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದುಕೊಂಡೆ. ಆಮೇಲೆ ಬೆಕ್ಕನ್ನು ಬೆನ್ನ ಮೇಲೆ ಹೊರಳಿಸಿದೆ.

ಆಗ ಕಂಡಿತು. ಮೊಲೆತೊಟ್ಟುಗಳ ಸುತ್ತ ರೋಮ ಉದುರಿ ದುಂಡಗೆ ಬೋಳಾಗಿತ್ತು. ಬೋಳಾದ ಚರ್ಮ ಕೆಂಪಗಿತ್ತು. ಎದೆಯಿಂದ ಬಾಲದ ಬುಡದವರೆಗೆ ಸೀಳಬೇಕು, ಸೀಳಿದೆ. ಚರ್ಮವನ್ನು ಪಕ್ಕಕ್ಕೆ ಬಿಡಿಸುತ್ತ ಹೋದಂತೆ ಚಾಕುವಿನ ತುದಿ ತಾಗಿ ಹಾಲು ಹರಿಯಿತು. ಮೇಜಿನ ಮೇಲೆ ಹರಿದು, ಅಂಚಿಗೆ ಬಂದು, ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಇಷ್ಟು ವರ್ಷ ರಕ್ತ ನೋಡಿ ಏನೂ ಅನ್ನಿಸದವಳು ಆ ಹಾಲು ನೋಡಿ ಹಿಂದೆ ಸರಿದೆ.

ಅಂದರೆ ಎಲ್ಲೋ ಮರಿಗಳಿವೆ. ಹಾಲು ಇಷ್ಟಿದೆ ಎಂದರೆ ಇನ್ನೂ ಹಾಲು ಬಿಡದ ಮರಿಗಳು. ಚಾಕು ಇಟ್ಟು, ಕೈ ಒರೆಸಿಕೊಂಡು ಲೇಔಟಿನ ಆ ಹೆಣ್ಣುಮಗಳಿಗೆ ಫೋನು ಮಾಡಿದೆ.

"ಆ ಬೆಕ್ಕಿಗೆ ಮರಿಗಳಿದಾವೆ ಕಣಮ್ಮ. ಅಲ್ಲೇ ಎಲ್ಲೋ ಇರ್ತವೆ. ಪೊದೆ, ಕಲ್ಲುಗುಡ್ಡೆ ಎಲ್ಲಾ ಹುಡುಕು. ನನಗೆ ಬೇಕು ಅವು."

"ಆತ್ರಿ ಅಕ್ಕಾರ. ನಾ ಹುಡುಕ್ತೀನ್ರಿ. ನೀವು ಚಿಂತಿ ಮಾಡಬ್ಯಾಡ್ರಿ."

ಅರಣ್ಯ ಇಲಾಖೆಯ ಗಾರ್ಡಿಗೂ ಹೇಳಿದೆ. ಅವರು ಸಂಜೆ ಬಂದು ಒಂದು ಕೋಲಿನಲ್ಲಿ ನಾಲ್ಕು ಪೊದೆ ಬಡಿದು ಹೋದರಂತೆ. "ಮೇಡಂ, ತಾಯಿ ಹೋದ್ಮೇಲೆ ಮರಿ ಎಲ್ಲಿ ಉಳೀತವೆ, ನಾಯಿ ತಿಂದಿರ್ತವೆ ಬಿಡಿ" ಅಂದರು. ಮರುದಿನ ಬೆಳಿಗ್ಗೆ ನಾನೇ ಪೀಣ್ಯದಿಂದ ಜಿಗಣಿಗೆ ಹೊರಟೆ. ಲೇಔಟಿನಲ್ಲಿ ಜೇಸಿಬಿ ಅದಾಗಲೇ ಲಂಟಾನ ಪೊದೆಗಳನ್ನು ಬೇರು ಸಮೇತ ಕೀಳುತ್ತಿತ್ತು. ಒಂದೆರಡು ದಿನ ಈ ಮೂಲೆ ಬಿಡಿ ಎಂದು ಸೂಪರ್‌ವೈಸರನ್ನು ಕೇಳಿಕೊಂಡೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬೆಕ್ಕಿಗೋಸ್ಕರ ಸೈಟ್ ನಿಲ್ಸಕ್ಕಾಗುತ್ತಾ ಮೇಡಂ? ನೀವೇ ಹೇಳಿ."

ನಾನೂ ಅವಳೂ ಬಿಸಿಲೇರುವವರೆಗೆ ಹುಡುಕಿದೆವು. ಕೂಗಿನ ಸದ್ದು ಕೇಳುತ್ತದೇನೋ ಎಂದು ಜೇಸಿಬಿ ನಿಂತಾಗಲೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಏನೂ ಕೇಳಲಿಲ್ಲ. ಹೊರಡುವಾಗ ಅವಳಿಗೆ ಇನ್ನೊಮ್ಮೆ ಹೇಳಿದೆ, ಸಿಕ್ಕಿದರೆ ಯಾರಿಗೂ ಕೊಡಬೇಡ, ನನಗೇ ಕೊಡು ಎಂದು. ಬನ್ನೇರುಘಟ್ಟದ ಕಡೆ ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳುವ ಪರಿಚಯದ ಡಾಕ್ಟರೊಬ್ಬರಿದ್ದರು. ಮರಿ ಸಿಕ್ಕ ಕೂಡಲೇ ತರುತ್ತೇನೆ, ಗಾರ್ಡಿಗೂ ತಿಳಿಸಿದ್ದೇನೆ ಎಂದು ಅವರಿಗೆ ಫೋನು ಮಾಡಿದೆ. ಅವರು ಹೇಳಿದ ಹಾಲಿನ ಪುಡಿ ತಂದೆ, ಮೆಡಿಕಲ್ ಸ್ಟೋರಿನಿಂದ ಸೂಜಿಯಿಲ್ಲದ ಸಿರಿಂಜು ತಂದೆ. ಬಿಸಿನೀರು ತುಂಬುವ ರಬ್ಬರ್ ಚೀಲ, ತೂತು ಮಾಡಿದ ರಟ್ಟಿನ ಡಬ್ಬ. ಎಲ್ಲವನ್ನೂ ಒಂದು ಬ್ಯಾಗಿಗೆ ತುಂಬಿ ಶೆಡ್ಡಿನ ಬಾಗಿಲ ಮೊಳೆಗೆ ನೇತುಹಾಕಿದೆ.

ಇತ್ತ ಚರ್ಮ ಕಾಯುವುದಿಲ್ಲ. ಪ್ರತಿ ಬೆರಳಿನ ಕೊನೆಯ ಗೆಣ್ಣಿನವರೆಗೆ ಬಿಡಿಸಿ, ಉಗುರುಗಳನ್ನು ಚರ್ಮದಲ್ಲೇ ಉಳಿಸಿದೆ. ಬಾಲದ ಮೂಳೆಯನ್ನು ಎರಡು ಕಡ್ಡಿಗಳ ನಡುವೆ ಹಿಡಿದು ಕಾಲುಚೀಲ ಕಳಚಿದ ಹಾಗೆ ಎಳೆದು ತೆಗೆದೆ. ಕಿವಿಯನ್ನು ಒಳಹೊರಗೆ ಮಾಡಿ ಮೆತ್ತನೆಯ ಎಲುಬನ್ನು ಬಿಡಿಸಿದೆ, ತುಟಿಯನ್ನು ಒಳಗಿನಿಂದ ಸೀಳಿದೆ. ಮೀಸೆಯ ಬುಡ ತುಂಬ ಕೆರೆದರೆ ಮೀಸೆ ಉದುರುತ್ತದೆ, ಕೆರೆಯದಿದ್ದರೆ ಕೊಳೆಯುತ್ತದೆ. ಬೆಕ್ಕಿನ ಚರ್ಮ ತೆಳು, ನೋಡನೋಡುತ್ತ ಚಾಕು ಆಚೆ ಬಂದುಬಿಡುತ್ತದೆ. ಒಳಗೆಲ್ಲ ಉಪ್ಪು ತಿಕ್ಕಿ ಇಟ್ಟು, ಆಮೇಲೆ ಪಟಿಕದ ನೀರಿನಲ್ಲಿ ನೆನೆಹಾಕಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಕಿವಿ ಫೋನಿನ ಮೇಲಿತ್ತು.

ಒಳಗಿನ ಆಕಾರ ಕೆತ್ತುತ್ತಿದ್ದಾಗ ಪ್ರಕೃತಿ ಕೇಂದ್ರದ ಮ್ಯಾನೇಜರ್ ನೋಡಲು ಬಂದ. ಚುರುಕಾದ ಮನುಷ್ಯ, ಒಳ್ಳೆಯ ಶೂಸು. ಮೂಗಿಗೆ ಕರ್ಚೀಫು ಹಿಡಿದೇ ಮಾತಾಡಿದ.

"ಮೇಡಂ, ಬಾಯಿ ಓಪನ್ ಇರ್ಲಿ. ಹಲ್ಲು ಕಾಣ್ಬೇಕು. ಅಟ್ಯಾಕ್ ಮಾಡೋ ಥರ."

"ಇದು ಹಾಗೆ ಬಾಯಿ ತೆರೆಯೋದು ಹೆದರಿದಾಗ ಸಾರ್. ನಿಮ್ಮ ಮಕ್ಕಳಿಗೆ ಹೆದರಿದ ಬೆಕ್ಕು ತೋರಿಸ್ಬೇಕಾ?"

"ಹಂಗಲ್ಲ, ಸ್ವಲ್ಪ ಪವರ್‌ಫುಲ್ ಆಗಿರ್ಲಿ ಅಂತ."

ಆಗಲಿ ಎಂದು ತಲೆಯಾಡಿಸಿ ಕಳಿಸಿ, ನನಗೆ ಬೇಕಾದ ಹಾಗೆಯೇ ಕೆತ್ತಿದೆ. ಅಳತೆಗಳನ್ನು ಗೋಡೆಗೆ ಅಂಟಿಸಿಕೊಂಡು, ಗಟ್ಟಿ ಫೋಮಿನ ದಿಂಡಿನಲ್ಲಿ ಸೊಂಟ, ಹೆಗಲು, ಪಕ್ಕೆ ತಂದೆ. ಕಾಲಿಗೆ ತಂತಿ. ನಡೆಯುತ್ತಿರುವಾಗ ಹಿಂದಿನಿಂದ ಮರಿ ಕೂಗಿದರೆ ತಾಯಿ ಹೇಗೆ ನಿಲ್ಲುತ್ತದೋ ಆ ನಿಲುವು: ಮುಂಗಾಲು ಇನ್ನೂ ನೆಲಕ್ಕೆ ಊರಿಲ್ಲ, ಕತ್ತು ಎಡಕ್ಕೆ ಹೊರಳಿದೆ, ಕಣ್ಣು ನೆಲದ ಕಡೆಗಿದೆ. ಮರಿಗಳು ಸಿಗುತ್ತವೆ, ದೊಡ್ಡವಾಗುತ್ತವೆ, ಅವನ್ನು ಡಾಕ್ಟರು ಎಲ್ಲಾದರೂ ಒಳ್ಳೆಯ ಕಡೆ ಬಿಡುತ್ತಾರೆ, ಇಲ್ಲಿ ಇವಳು ಅವನ್ನು ಕಾಯುತ್ತ ನಿಂತಿರುತ್ತಾಳೆ ಎಂದೆಲ್ಲ ಅಂದುಕೊಂಡು ಕೆತ್ತಿದೆ. ಈ ಕಸುಬಿನಲ್ಲಿದ್ದೂ ಅಷ್ಟು ಆಸೆ ಇಟ್ಟುಕೊಂಡಿದ್ದೆ ಎಂದು ಈಗ ನಗು ಬರುತ್ತದೆ.

ಕತ್ತು ಕೂರಿಸಿ ಅಂಟು ಒಣಗುತ್ತಿದ್ದಾಗ ಫೋನು ಬಂತು.

"ಅಕ್ಕಾರ, ಸಿಕ್ಕಾವ್ರಿ. ಮೂರು ಅದಾವ. ಲಗೂನ ಬರ್ರಿ."

ಮೊಳೆಯ ಮೇಲಿದ್ದ ಬ್ಯಾಗು ಹೆಗಲಿಗೇರಿಸಿದವಳು ಕೈ ಕೂಡ ತೊಳೆಯಲಿಲ್ಲ. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಬೇಡಿಕೊಂಡು ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿಸಿಕೊಂಡೆ. ಯಾರಿಗಮ್ಮಾ ಹುಷಾರಿಲ್ಲ ಎಂದು ಹೋಟೆಲಿನವರು ಕೇಳಿದರು. ಮಕ್ಕಳಿಗೆ ಎಂದೆ. ಜಿಗಣಿಯವರೆಗೂ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಆರದ ಹಾಗೆ ಸೆರಗು ಮುಚ್ಚಿಕೊಂಡು ಆಟೋದಲ್ಲಿ ಕೂತಿದ್ದೆ.

ಅವಳು ತಗಡಿನ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಕರೆದು, ಮೂಲೆಯಲ್ಲಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದಿಟ್ಟಳು. ಮೇಲೆ ಹೊದಿಸಿದ್ದ ಗೋಣಿಚೀಲ ತೆಗೆದಳು. ಮುಚ್ಚಳ ತೆಗೆದಳು. ಒಳಗೆ ಐಸು. ಐಸಿನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಒಂದೊಂದನ್ನೂ ಬ್ರೆಡ್ಡಿನ ಕವರಿನಲ್ಲಿ ಬೇರೆ ಬೇರೆ ಸುತ್ತಿ ಮಲಗಿಸಿದ್ದಳು. ಅಂಗೈ ಅಗಲದ ಮರಿಗಳು, ಮೈ ಮೇಲೆ ಇನ್ನೂ ಮಾಸದ ಪಟ್ಟೆಗಳು. ಮೂರರ ಬಾಯಿಯಲ್ಲೂ ಹತ್ತಿ. ಮೂಗಿಗೆ ಹತ್ತಿ ದೊಡ್ಡದಾಯಿತೆಂದು ದೀಪದ ಬತ್ತಿಯ ಹಾಗೆ ಸಣ್ಣಗೆ ಹೊಸೆದು ಇಟ್ಟಿದ್ದಳು.

ಸತ್ತು ಬಿದ್ದಿದ್ದವಾ ಎಂದು ಕೇಳಿದೆ. ಹೌದು ಅನ್ನಲಿ ಎಂದು ಬೇಡಿಕೊಂಡೇ ಕೇಳಿದೆ.

"ಇಲ್ರೀ. ನಿನ್ನಿ ಮುಂಜಾನೆ ಸಿಮೆಂಟ್ ಪೈಪಿನಾಗ ಸಿಕ್ವು. ಜೀವ ಇತ್ರಿ, ಒದರಾಕತ್ತಿದ್ವು. ತಂದು ಬುಟ್ಟ್ಯಾಗ ನೆರಳಿಗೆ ಇಟ್ಟೆ. ಸಂಜೀಕ ಎರಡು ಹೋದ್ವು. ಇದೊಂದು ಬೆಳತನಕ ಇತ್ತು. ನೀವು ಹೇಳಿದಂಗ ಐಸಿನ್ಯಾಗ ಇಟ್ಟ ಮ್ಯಾಲೇ ಫೋನ್ ಹಚ್ಚಿದೆ."

"ಹಾಲು ಹಾಕ್ಲಿಲ್ವಾ?"

ಅವಳು ನನ್ನ ಮುಖ ನೋಡಿದಳು. ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ, ಪಾಠ ಒಪ್ಪಿಸುವವಳ ಹಾಗೆ ನಿಂತು ಹೇಳಿದಳು.

"ಇಲ್ರೀ ಅಕ್ಕಾರ. ಹೊಟ್ಟ್ಯಾಗ ಏನಾರ ಇದ್ರ ಲಗೂನ ಕೊಳೀತಾವ ಅಂತ ನೀವ ಹೇಳಿದ್ರಲ್ರೀ. ಅದಕ್ಕ ಹಾಕ್ಲಿಲ್ಲ. ಒದರೂದು ಕೇಳಾಕ ಆಗ್ಲಿಲ್ರಿ ನನಗ. ನನ್ನ ಗಂಡ ಒಂದು ಚೂರು ಹಾಕು ಅಂದ. ಬ್ಯಾಡ, ಅಕ್ಕಾರು ತಾಯಿ ಜೋಡಿ ಇಡ್ತಾರ, ಹೊಟ್ಟಿ ಕೆಟ್ರ ಇಡಾಕ ಬರೂದಿಲ್ಲ ಅಂದೆ. ತಾಯಿ ಇಲ್ಲದ್ದು ಎಲ್ಲಿ ಬದುಕ್ತಾವ್ರಿ? ಜೋಡಿಲೇ ಇರ್ಲಿ ಅಂತ ಅನ್ನಿಸ್ತು."

ನನಗೆ ಸಿಟ್ಟು ಬಂತು. ಸುಳ್ಳೇಕೆ, ಅವಳ ಕಪಾಳಕ್ಕೆ ಬಿಡಬೇಕು ಅನ್ನುವಷ್ಟು ಬಂತು. ಬುದ್ಧಿ ಬೇಡವೇ, ಜೀವ ಇರುವುದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವೇ ಎಂದು ಕೂಗಬೇಕು ಅನ್ನಿಸಿತು. ಆದರೆ ಅವಳು ನನ್ನನ್ನು ಕಂಡದ್ದೆಲ್ಲ ಹೆಣಗಳ ಜೊತೆಗೇ. ಗೂಬೆಗೆ ಬಂದಿದ್ದೆ, ಬೆಕ್ಕಿಗೆ ಬಂದಿದ್ದೆ. ಬದುಕಿರುವ ಒಂದು ಇಲಿಮರಿಯನ್ನೂ ನಾನು ಅವಳ ಮುಂದೆ ಕೈಯಲ್ಲಿ ಹಿಡಿದವಳಲ್ಲ. ಅಂಥವಳು ಫೋನು ಮಾಡಿ, ಮರಿಗಳು ನನಗೆ ಬೇಕು ಎಂದರೆ ಯಾತಕ್ಕೆ ಎಂದು ಅವಳು ತಿಳಿಯಬೇಕಿತ್ತು? ಹುಡುಕು ಎಂದೆ, ಬೇಕು ಎಂದೆ, ನನಗೇ ಕೊಡು ಎಂದೆ. ಬದುಕಿಸು ಎಂದು ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಅವಳು ಸ್ಟೌವ್ ಹಚ್ಚಿ ಚಹಾ ಮಾಡಿದಳು. ಚಹಾಕ್ಕೆ ಹಾಕಿ ಉಳಿದ ಹಾಲು ಪಾತ್ರೆಯಲ್ಲಿತ್ತು, ನೊಣ ಬೀಳದಂತೆ ತಟ್ಟೆ ಮುಚ್ಚಿದಳು. ನಾನು ಚಹಾ ಕುಡಿದೆ. ಬ್ಯಾಗನ್ನು ಬಿಚ್ಚಲಿಲ್ಲ. ಅದರಲ್ಲಿ ಏನಿದೆ ಎಂದು ಅವಳು ಕೇಳಲೂ ಇಲ್ಲ, ನನ್ನ ಚಾಕು ಹತ್ತಿ ಇರುತ್ತವೆ ಎಂದುಕೊಂಡಿರಬೇಕು. ಚೆನ್ನಾಗಿ ಇಟ್ಟಿದ್ದೀಯ ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡೆ.

ವಿಷಯ ತಿಳಿದ ಮ್ಯಾನೇಜರ್ ಅಂದೇ ಫೋನು ಮಾಡಿದ. ಅವನ ದನಿಯಲ್ಲಿ ಸಂಭ್ರಮವಿತ್ತು.

"ಮೇಡಂ, ಸೂಪರ್. ತಾಯಿ ಮರಿ ಒಟ್ಟಿಗೆ ಇದ್ರೆ ಎಮೋಷನಲ್ ಆಗಿರುತ್ತೆ. ಫಾರೆಸ್ಟ್‌ನವರ ಹತ್ರ ನಾನು ಮಾತಾಡ್ತೀನಿ."

"ಆಗಲ್ಲ ಸಾರ್, ಕೆಟ್ಟುಹೋಗಿವೆ. ರೋಮ ಕಿತ್ತು ಬರ್ತಿದೆ" ಎಂದೆ.

ಸುಳ್ಳು. ಒಂದು ರೋಮವೂ ಕದಲಿರಲಿಲ್ಲ. ಹೊಟ್ಟೆಗಳು ಖಾಲಿಯಾಗಿ ಒಳಕ್ಕೆ ಹೋಗಿದ್ದವು, ಕೆಡಲು ಅಲ್ಲೇನೂ ಇರಲಿಲ್ಲ. ನನ್ನ ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಇಟ್ಟ ಪ್ರಾಣಿಗಳನ್ನು ನಾನು ನೋಡಿಲ್ಲ. ಅರಣ್ಯ ಇಲಾಖೆಯ ಗಾರ್ಡನ್ನು ಕರೆಸಿ ಒಪ್ಪಿಸಿದೆ. ಅವರ ನಿಯಮದಂತೆ ಸುಡಬೇಕು, ಸುಟ್ಟರು. ನಾನು ನಿಂತು ನೋಡಿ ಬಂದೆ. ಹಾಲಿನ ಪುಡಿಯನ್ನು ಸ್ಪ್ರಿಂಗ್ ಕಾರ್ಖಾನೆಯ ಮುಂದೆ ಮರಿ ಹಾಕಿದ್ದ ಬೀದಿನಾಯಿಗೆ ಕಲಸಿ ಹಾಕಿದೆ.

ತಾಯಿಯ ಕೆಲಸ ಬಾಕಿ ಇತ್ತಲ್ಲ. ಕತ್ತಿನ ತಿರುವನ್ನು ಕತ್ತರಿಸಿ ನೇರ ಮಾಡಿಬಿಡಲೇ ಎಂದು ಗರಗಸ ಕೈಗೆ ತೆಗೆದುಕೊಂಡು ಇಟ್ಟೆ. ಹದವಾದ ಚರ್ಮವನ್ನು ಆಕಾರದ ಮೇಲೆ ಎಳೆದು ಕೂರಿಸಿದೆ. ಕಿವಿಯೊಳಗೆ ಪ್ಲಾಸ್ಟಿಕ್ ಹಾಳೆಯನ್ನು ಕಿವಿಯ ಆಕಾರಕ್ಕೆ ಕತ್ತರಿಸಿ ತೂರಿಸಿದೆ, ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಗಾಜಿನ ಕಣ್ಣಿನ ಹಿಂಬದಿಗೆ ಹಸಿರು ಬೆರೆತ ಹಳದಿ ಬಳಿದು, ಸುತ್ತ ಜೇಡಿ ಮೆತ್ತಿ, ರೆಪ್ಪೆಯನ್ನು ಸೂಜಿಯಿಂದ ಒಂದೊಂದೇ ಎಳೆ ಸರಿಪಡಿಸಿದೆ. ರೆಪ್ಪೆ ಒಂದು ಕೂದಲೆಳೆ ಮೇಲಾದರೆ ಬೆಕ್ಕು ಬೆಚ್ಚಿದ ಹಾಗೆ, ಕೆಳಗಾದರೆ ತೂಕಡಿಸಿದ ಹಾಗೆ. ತುಟಿಯ ಅಂಚನ್ನು ಒಳಕ್ಕೆ ಮಡಚಿ ಬಾಯಿ ಮುಚ್ಚಿದೆ. ಒಣಗುವಾಗ ಎಳೆದುಕೊಳ್ಳದಿರಲೆಂದು ಕಿವಿಗೆ ರಟ್ಟು ಕಟ್ಟಿ, ಮುಖದ ತುಂಬ ಗುಂಡುಪಿನ್ನು ಚುಚ್ಚಿದೆ. ಒಣಗುವಷ್ಟು ದಿನ ಆ ತಾಯಿ ಮುಖದ ತುಂಬ ಪಿನ್ನು ಹೊತ್ತು ಆ ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದಳು. ನಾನು ಆ ಕಡೆ ಹಾಯುವಾಗ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಹೊಟ್ಟೆಯ ಹೊಲಿಗೆಯನ್ನು ರೋಮ ಬಾಚಿ ಮುಚ್ಚಿದೆ. ಬೋಳು ಚಕ್ರಗಳನ್ನು ಮುಚ್ಚಲಿಲ್ಲ. ಒಪ್ಪಿಸಿಕೊಳ್ಳಲು ಬಂದ ಮ್ಯಾನೇಜರ್ ಬಗ್ಗಿ ನೋಡಿದ.

"ಇಲ್ಲಿ ಕೂದಲು ಹೋಗಿದೆ ಮೇಡಂ. ಫಿನಿಶಿಂಗ್ ಸರಿ ಬಂದಿಲ್ಲ. ಬೇರೆ ಕಡೆಯಿಂದ ತೆಗೆದು ಅಂಟಿಸ್ಬಹುದಾ?"

"ಅದು ಫಿನಿಶಿಂಗ್ ಅಲ್ಲ ಸಾರ್, ಮರಿಗಳು ಹಾಲು ಕುಡಿದ ಗುರುತು" ಎಂದೆ. ಅವನು, ಗಾಜಿನ ಪೆಟ್ಟಿಗೆಯನ್ನು ತಗ್ಗಿನಲ್ಲಿ ಇಡೋಣ ಬಿಡಿ, ಆಗ ಹೊಟ್ಟೆ ಕಾಣಲ್ಲ ಎಂದ.

ಕೇಂದ್ರದ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಕಾಡುಬೆಕ್ಕು ನೋಡುತ್ತಿದ್ದ ಜಾಗದಲ್ಲಿ ಒಂದು ರಬ್ಬರ್ ಇಲಿ ಇಟ್ಟಿದ್ದರು. ಬೆಕ್ಕು ಸುಮ್ಮನೆ ನೆಲ ನೋಡುತ್ತಿದ್ದರೆ ಮಕ್ಕಳಿಗೆ ಅರ್ಥವಾಗುವುದಿಲ್ಲವಂತೆ. ಫಲಕದಲ್ಲಿ ‘ಬೇಟೆಗೆ ಹೊಂಚುತ್ತಿರುವ ಕಾಡುಬೆಕ್ಕು’ ಎಂದು ಬರೆದಿತ್ತು. ಗಾಜು ಒಡೆದು ಆ ಇಲಿಯನ್ನು ಕಿತ್ತು ಬಿಸಾಡಬೇಕೆನಿಸಿತು. ಕೈ ಕಟ್ಟಿಕೊಂಡು ನಿಂತೆ.

ಅವಳೂ ಬಂದಿದ್ದಳು, ಹಬ್ಬದ ಸೀರೆ ಉಟ್ಟುಕೊಂಡು. ಬಹಳ ಹೊತ್ತು ಗಾಜಿನ ಮುಂದೆ ನಿಂತಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು, ಬಗ್ಗಿ ಕೆಳಗೂ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

"ಮರಿ ಎಲ್ಲಿ ಅದಾವ್ರಿ ಅಕ್ಕಾರ?"

"ಇಡೋಕಾಗ್ಲಿಲ್ಲ. ಕೆಟ್ಟುಹೋಗಿದ್ವು" ಎಂದೆ. ಮ್ಯಾನೇಜರ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ.

ಅವಳ ಮುಖ ಕಪ್ಪಿಟ್ಟಿತು. "ಐಸು ಕಮ್ಮಿ ಬಿತ್ತೇನ್ರಿ? ಎರಡು ಸಲ ತಂದು ಹಾಕಿದ್ನಿ."

"ಇಲ್ಲ, ಐಸು ಸರಿಯಾಗೇ ಇತ್ತು."

"ಹತ್ತಿ?"

"ಹತ್ತೀನೂ ಸರಿಯಾಗಿತ್ತು."

"ಹಾಲು ಸೈತ ಹಾಕಿದ್ದಿಲ್ರೀ ನಾ. ಮತ್ಯಾಕ ಕೆಟ್ವು?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಹೇಳಿದರೆ ಆ ಮರಿಗಳ ಕೂಗನ್ನು ಅವಳು ಬದುಕಿರುವವರೆಗೂ ಕೇಳುತ್ತಿರಬೇಕಾಗುತ್ತಿತ್ತು. ಅದನ್ನು ಕೇಳಲು ನಾನೊಬ್ಬಳು ಸಾಕು.

"ಈ ಸಲ ಬಿಸಿಲು ಜಾಸ್ತಿ ಇತ್ತಲ್ಲಮ್ಮ, ಅದಕ್ಕೇ" ಎಂದೆ.

ಹೌದ್ರಿ ಎಂದು ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಏನು ಹೇಳಿದರೂ ಅವಳು ನಂಬುತ್ತಾಳೆ.